ದೀಪದ ಜಾಗದಲ್ಲಿ ಕನ್ನಡಿ ಬಂದ ಬಗ್ಗೆ ಹೇಳಿಕೆ

ಲಗತ್ತಿಸಿದ ಗುರುತಿನ ಚೀಟಿಯಲ್ಲಿ ಹೆಸರಿರುವ ನಾನು, ವಯಸ್ಸು 48, ಉದ್ಯೋಗ ಕಾಲೇಜು ಗ್ರಂಥಪಾಲಕಿ, ವಾಸ ಹಳೆಯ ಅಂಚೆ ಕಚೇರಿಯ ಹಿಂದಿನ ರಸ್ತೆ, ಎಡಗಡೆ ಎರಡನೇ ಮನೆ, ಈ ದಿನ ಬೆಳಿಗ್ಗೆ 11.30ಕ್ಕೆ ಠಾಣೆಗೆ ನಾನಾಗಿಯೇ ಬಂದು ತಿಳಿಸುವುದೇನೆಂದರೆ:

ನನ್ನ ತಾಯಿ ಬರೆದ ತೈಲಚಿತ್ರವೊಂದು ಅಣ್ಣನ ಮನೆಯ ಹಜಾರದಲ್ಲಿತ್ತು. ಅಗಲ ಎರಡು ಅಡಿ, ಎತ್ತರ ಮೂರು ಅಡಿ. ಕಂದು ಕತ್ತಲಲ್ಲಿ ಅಪ್ಪ ದೀಪ ಹಿಡಿದು ನಿಂತಿರುವ ಚಿತ್ರ ಎಂದೇ ನಾವಿಬ್ಬರೂ ತಿಳಿದಿದ್ದೆವು. ಅಮ್ಮ ತೀರಿಕೊಂಡಾಗ ನನಗೆ ಎರಡು ವರ್ಷ, ಅಣ್ಣನಿಗೆ ಐದು. ಅಪ್ಪ ಪ್ರತಿ ವರ್ಷ ಅಡುಗೆ ಎಣ್ಣೆಯಲ್ಲಿ ಬಟ್ಟೆ ಅದ್ದಿ ಚಿತ್ರವನ್ನು ಒರೆಸುತ್ತಿದ್ದರು. ದೀಪದ ಮಾತು ಬಂದರೆ ನಕ್ಕು ಸುಮ್ಮನಾಗುತ್ತಿದ್ದರು. ಅವರು ಹೋಗಿ ಮೂರು ವರ್ಷವಾಯಿತು.

ಜನವರಿ 6ರಂದು ಗೋಡೆಗೆ ಬಣ್ಣ ಹೊಡೆಸುವಾಗ ಏಣಿ ಜಾರಿ ಚಿತ್ರದ ಕೆಳಭಾಗ ನಾಲ್ಕು ಅಂಗುಲ ಹರಿಯಿತು. 8ರಂದು ಅಣ್ಣನ ಒಪ್ಪಿಗೆ ಪಡೆದು, ದರ್ಜಿ ಅಂಗಡಿಯ ಮಹಡಿಯಲ್ಲಿ ಹಳೆಯ ಚಿತ್ರಗಳನ್ನು ಸರಿಪಡಿಸುವ, ಸುಮಾರು 60 ವರ್ಷದ ಮಹಿಳೆಗೆ ಅದನ್ನು ಕೊಟ್ಟೆನು. ಸದಾ ಕಡ್ಡಿಗೆ ಹತ್ತಿ ಸುತ್ತುತ್ತಿರುವ ಅವರನ್ನು ಎಲ್ಲರೂ ಹತ್ತಿ ಅಕ್ಕ ಎನ್ನುತ್ತಾರೆ. ಚಿತ್ರ ನೋಡಿದವರೇ, "ಎಣ್ಣೆ ಹಚ್ಚಿ ಹಚ್ಚಿ ಬಾಣಲೆ ಮಾಡಿಟ್ಟಿದ್ದೀರಲ್ಲಮ್ಮ!" ಎಂದರು.

ಹನ್ನೊಂದು ಶನಿವಾರ, ಮಧ್ಯಾಹ್ನ 2ರಿಂದ 5ರವರೆಗೆ ನಾನು ಅಲ್ಲೇ ಕುಳಿತಿದ್ದೆನು. ಹರಿದ ಎಳೆಗಳನ್ನು ಅವರು ಸೂಜಿಮೊನೆಯಿಂದ ಒಂದೊಂದಾಗಿ ಕೂಡಿಸಿದರು. ನಂತರ ಎಣ್ಣೆಯ ಕೊಳೆ ತೆಗೆಯತೊಡಗಿದರು. ಒಂದು ಹತ್ತಿಗೆ ಹೆಬ್ಬೆರಳಿನ ಉಗುರಿನಷ್ಟು ಜಾಗ. ಫೆಬ್ರವರಿ 24ರಂದು 3.20ಕ್ಕೆ ದೀಪದ ಹಳದಿ ಹತ್ತಿಗೆ ಬಂತು. ನಾನು ಗಾಬರಿಯಾಗಿ, "ನಿಲ್ಲಿಸಿ" ಎಂದೆನು. ಅವರು ಹತ್ತಿಯನ್ನು ಕಿಟಕಿಗೆ ಹಿಡಿದು, "ಇದು ಕೊಳೆ ಕಣಮ್ಮ. ಬಣ್ಣ ಬಂದಿದ್ರೆ ನಾನೇ ಕೈ ತೆಗೀತಿದ್ದೆ" ಎಂದರು. 3.50ರ ಹೊತ್ತಿಗೆ ದೀಪದ ಜಾಗದಲ್ಲಿ ದುಂಡು ಕನ್ನಡಿ ಇತ್ತು, ಅಪ್ಪನ ಅರ್ಧ ಮುಖದಲ್ಲಿ ಸೋಪಿನ ನೊರೆ ಇತ್ತು. ಹಿಂದಿನ ಕತ್ತಲು ಬೆಳಗಿನ ಬಿಸಿಲಾಗಿತ್ತು.

ಅಣ್ಣನಿಗೆ ಆಗಲೇ ಫೋನ್ ಮಾಡಬೇಕಿತ್ತು. ಒಮ್ಮೆಲೇ ನೋಡಿ ಸಂತೋಷಪಡಲಿ ಎಂದು ಮಾಡಲಿಲ್ಲ. ಈ ತಪ್ಪು ನನ್ನದು. ಮಾರ್ಚ್ 26ರ ಸಂಜೆ 6ಕ್ಕೆ ಚಿತ್ರ ಕಂಡ ಅಣ್ಣ, "ನಮ್ಮಪ್ಪ ದೀಪ ಹಿಡಿದಿದ್ರು. ಇವನ್ಯಾರೋ ಗಡ್ಡ ಹೆರ್ಕೊಳ್ತಾ ನಿಂತಿದ್ದಾನೆ! ನಿನ್ನ ಕಣ್ಣಿಗೆ ಮಣ್ಣೆರಚಿ ಬೇರೆ ಚಿತ್ರ ಕೊಟ್ಟಿದ್ದಾಳೆ" ಎಂದು ಕೂಗಾಡಿ, ಮರುದಿನ ದೂರು ಕೊಟ್ಟನು. ಈ ದಿನ ಬೆಳಿಗ್ಗೆ ಹತ್ತಿ ಅಕ್ಕನ ಮಹಡಿಗೆ ಬೀಗ ಬಿದ್ದಿತು.

ನಾನು ಠಾಣೆಗೆ ಬಂದಾಗ ಮೇಜಿನ ಬಳಿ ಅಣ್ಣನಿದ್ದನು, ಅವನು ದೂರಿನೊಂದಿಗೆ ಒಪ್ಪಿಸಿದ್ದ ಚಿತ್ರವೂ ಇತ್ತು. ಹತ್ತಿ ಅಕ್ಕ ಬೆಂಚಿನ ತುದಿಯಲ್ಲಿದ್ದರು. "ಪೊಲೀಸರು ಬೀಗ ಹಾಕಿದ ಬಾಗಿಲಿಗೆ ನಾಳೆ ಯಾರು ಚಿತ್ರ ತರ್ತಾರಮ್ಮ?" ಎಂದಷ್ಟೇ ಕೇಳಿದರು. ಅವರ ಬೆರಳುಗಳು ಖಾಲಿ ಇದ್ದವು.

12.40ಕ್ಕೆ ಠಾಣಾಧಿಕಾರಿಗಳಾದ ತಮ್ಮ ಅನುಮತಿ ಪಡೆದು ಹತ್ತಿ ಅಕ್ಕ ಚಿತ್ರದ ಚೌಕಟ್ಟಿನ ನಾಲ್ಕು ಸ್ಕ್ರೂ ಬಿಚ್ಚಿದರು. ಚೌಕಟ್ಟಿನ ಅಡಿಯಲ್ಲಿ, ಬಲಮೂಲೆಯಲ್ಲಿ, ಎರಡು ಅಂಗುಲ ಉದ್ದಕ್ಕೆ ಎಣ್ಣೆಕೊಳೆಯ ಹಳೆಯ ಕಂದು ಪಟ್ಟಿಯನ್ನು ತೆಗೆಯದೆ ಬಿಟ್ಟಿದ್ದರು. ಮುಂಚೆ ಹೇಗಿತ್ತೆಂದು ಮುಂದಿನವರಿಗೆ ತಿಳಿಯಲಿ ಎಂದು ಎಲ್ಲ ಚಿತ್ರಗಳಲ್ಲೂ ಹೀಗೆ ಬಿಡುವುದಾಗಿ ತಿಳಿಸಿದರು. ಅಮ್ಮನ ಕುಂಚದ ಒಂದೇ ಗೆರೆ ಕಂದಿನಿಂದ ಬಿಸಿಲಿಗೆ ಎಲ್ಲೂ ಕಡಿಯದೆ ದಾಟಿತ್ತು. ಅಣ್ಣ ಕನ್ನಡಕ ಹಾಕಿಕೊಂಡು ನೋಡಿದನು. ಬಳಿಕ ಅವನ ದೃಷ್ಟಿ ಮೇಲೆ, ಕ್ಷೌರದ ಕತ್ತಿಯ ಮೇಲೆ ನಿಂತಿತು. "ಎಡಗೈ ಕಣೆ. ಅಪ್ಪ ಎಡಗೈಲೇ ಹೆರ್ಕೊಳ್ತಿದ್ರು" ಎಂದನು. ಬೆಂಚಿನ ಬಳಿ ಹೋಗಿ, "ಅಕ್ಕ, ದುಡುಕಿಬಿಟ್ಟೆ" ಎಂದನು. ಅವರು, "ಇರ್ಲಿ ಬಿಡಪ್ಪ, ಮೊದ್ಲು ಬೀಗ ತೆಗೆಸು" ಎಂದರು. 1.15ಕ್ಕೆ ಅಣ್ಣ ದೂರು ಹಿಂಪಡೆಯುವುದಾಗಿ ಬರೆದುಕೊಟ್ಟನು.

ನನಗೆ ಅಮ್ಮನ ಮುಖ ನೆನಪಿಲ್ಲ. ಆದರೆ ಒಂದು ಬೆಳಿಗ್ಗೆ ಅವಳು ನೊರೆ ಮೆತ್ತಿದ ಗಂಡನನ್ನು ಅಲುಗಾಡದಂತೆ ನಿಲ್ಲಿಸಿ, ನಗು ತಡೆದುಕೊಂಡು ಕುಂಚ ಹಿಡಿದಿದ್ದಳೆಂದು ಈಗ ಗೊತ್ತು. ಇದನ್ನು ನನಗೆ ಕೊಟ್ಟವರು ಹತ್ತಿ ಅಕ್ಕ. ಇದಕ್ಕೆ ಹೇಳಿಕೆಯಲ್ಲಿ ಜಾಗವಿಲ್ಲ ಎಂದು ಬರೆದುಕೊಳ್ಳುವವರು ಹೇಳಿದರೂ, ನನ್ನ ಒತ್ತಾಯದ ಮೇಲೆ ಬರೆದಿದ್ದಾರೆ. ಕಡತದಲ್ಲಿ ಹತ್ತಿ ಅಕ್ಕನ ಹೆಸರಿನ ಮುಂದೆ 'ಆರೋಪಿ' ಎಂದು ಎಲ್ಲೆಲ್ಲಿ ಬರೆದಿದೆಯೋ ಅಲ್ಲೆಲ್ಲ ಆ ಪದವನ್ನು ಹೊಡೆದುಹಾಕಬೇಕೆಂದು ಕೋರುತ್ತೇನೆ.

ಇದನ್ನು ನನಗೆ ಓದಿ ಹೇಳಲಾಗಿದೆ. ನಾನು ಕಂಡದ್ದೂ ಹೇಳಿದ್ದೂ ಇಷ್ಟೇ, ಎಲ್ಲವೂ ನಿಜ.

ಸ್ಥಳ: ಠಾಣೆ
ದಿನಾಂಕ: 28-03-2024, ಮಧ್ಯಾಹ್ನ 2.05
(ಸಹಿ)