ಎರಡು ಗಜದ ಓಟ

ಪರದೇಶದ ಎಪ್ಪಿಂಗ್‌ ಊರಿನ ಎಕ್ಸ್‌ರೇ ಕ್ಲಿನಿಕ್‌ನಲ್ಲಿ ಉಳುಕಿದ ಕಾಲು ಚಾಚಿ ಕೂತಿದ್ದ ಶ್ರೀದೇವಿಯ ಕಿವಿ ಕನ್ನಡ ಕೇಳಿದ್ದೇ ನಿಮಿರಿತು. ಪಕ್ಕದಲ್ಲಿ ಒಬ್ಬಳು ಗಂಡನ ಅಮೆರಿಕನ್ ಫುಟ್‌ಬಾಲ್ ಕೋಚ್‌ನನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ಟೀಮಲ್ಲಿ ಚೆಂಡು ಎಸೆಯೋ ಕ್ವಾರ್ಟರ್‌ಬ್ಯಾಕ್ ಇರೋದು ಹರ್ಷ ಒಬ್ಬನೇ. ಅವನನ್ನೇ ಓಡಿಸಿದ್ರಾ, ಸರ್?”

“ಮುಂದೆ ಜಾಗ ಖಾಲಿ ಇತ್ತು, ನಿವೇದಿತಾ.”

“ಮೇಲೆ ಬಿದ್ದ ಆ ಇಬ್ಬರು ದಡಿಯರು ಆಕಾಶದಿಂದ ಇಳಿದ್ರಾ?”

“ಅವರು ಹತ್ರ ಬಂದ್ರೆ ಕಾಲು ಮುಂದೆ ಮಾಡಿ ಜಾರು, ಆಗ ಯಾರೂ ಮೇಲೆ ಬೀಳೋ ಹಾಗಿಲ್ಲ ಅಂದಿದ್ದೆ. ಇವನು ರನ್‌ಔಟ್ ತಪ್ಪಿಸ್ಕೊಳ್ಳೋ ಹಾಗೆ ಕೈ ಚಾಚಿ ಡೈವ್ ಹೊಡೆದ.”

“ಮೈಸೂರಲ್ಲಿ ಇಪ್ಪತ್ತು ವರ್ಷ ಕ್ರಿಕೆಟ್ ಆಡಿದೋನು ಇನ್ನೇನ್ಮಾಡ್ತಾನೆ? ಜಾರೋದನ್ನ ಎಷ್ಟು ದಿನ ಪ್ರಾಕ್ಟೀಸ್ ಮಾಡಿಸಿದ್ರಿ?”

“ಬಾಯಲ್ಲಿ ಹೇಳಿದ್ದೆನಲ್ಲ.”

“ಎಷ್ಟು ದೂರ ಓಡಿದ?”

“ಎರಡು ಗಜ.”

ಕೈಯನ್ನು ಕೊರಳಿಗೆ ಕಟ್ಟಿಸಿಕೊಂಡು ಹರ್ಷ ಹೊರಬಂದ. ನಿವೇದಿತಾ ಎದ್ದಳು.

“ನಾಳೆಯಿಂದ ದಿನಾ ಬೆಳಿಗ್ಗೆ ಮನೆಗೆ ಬಂದು ಇವನಿಗೆ ಅಂಗಿ ಹಾಕಿಸಿ, ಸರ್. ಅದು ಬಾಯಲ್ಲಿ ಹೇಳಿದ್ರೆ ಆಗಲ್ಲ.”