ಚಪ್ಪಲಿ ಎತ್ತಿಕೊಟ್ಟ ಚೀನೀ ವೀರ

...ಅಲ್ಲ ಮಾವಾ, ಪೂರ್ತಿ ಕೇಳಿ ಮೊದಲು! ವಿಶಾಖಪಟ್ಟಣದಿಂದ ವಿಜಯವಾಡದ ತನಕ ಟ್ರೈನಲ್ಲಿ ಇದನ್ನ ತೊಡೆ ಮೇಲೆ ಇಟ್ಕೊಂಡೇ ಬಂದಿದೀನಿ. ಕರವಸ್ತ್ರ ಬಿಚ್ಚಿದಾಗಿಂದ ನೀವು ಈ ಬಿಲ್ಲೆನೇ ತಿರುಗಿಸಿ ತಿರುಗಿಸಿ ನೋಡ್ತಿದೀರಿ. ಬೈಯಿರಿ ಬೇಕಾದ್ರೆ!

ಹೌದು, ಇದರ ಕಪ್ಪು ಬಣ್ಣ ಹೋಗಿದೆ. ನೀವು ಬಂದರಿನ ಬ್ರಾಂಚಲ್ಲಿ ಮ್ಯಾನೇಜರ್ ಆಗಿದ್ದಾಗ ಆ ಜಪಾನಿ ಇಂಜಿನಿಯರು ಕೊಟ್ಟಿದ್ದು, ನೀವು ಮದುವೇಲಿ ನನ್ನ ಕೈಗಿಟ್ಟಿದ್ದು... ಗೊತ್ತು ಮಾವಾ, ಗೊತ್ತು. ಕತ್ತಿಯ ಹಿಡಿಗೂ ಅಲಗಿಗೂ ಮಧ್ಯೆ ಕೂರೋ ಬಿಲ್ಲೆ. ಆಯುಧದ್ದು ತಾನೇ? ಆಯುಧಪೂಜೆಗೆ ಇಡೋದು ತಪ್ಪಾ? ಇಡೋಕೆ ಮುಂಚೆ ಹುಣಸೆಹಣ್ಣಲ್ಲಿ ತಿಕ್ಕಲ್ವಾ ನಮ್ಮ ಕಡೆ? ನಿಮ್ಮ ಮಗಳು ತೃಪ್ತಿ ಹಬ್ಬಕ್ಕೆ ದಾವಣಗೆರೆಗೆ ಹೋಗಿದ್ಲು. ಪೂಜೆ ದಿನ ಬೆಳಿಗ್ಗೆ ರಾಜ್ಯಲಕ್ಷ್ಮಿ ಬಿಂದಿಗೆ ಜೊತೆ ಇದನ್ನೂ ತಿಕ್ಕಿಬಿಟ್ಲು! ಕಪ್ಪೇ ಇದರ ಬಣ್ಣ ಅಂತ ಮನೆಗೆಲಸದವಳಿಗೆ ಏನು ಗೊತ್ತು? ಕೆಲಸ ಬಿಡಿಸಿದೆ. ಆರು ವರ್ಷ ಇದ್ದವಳು... ನನಗೇನು ಖುಷೀನಾ?

ಯಾಕೆ ನಗ್ತೀರಿ? ಬಿಲ್ಲೆ ಮೇಲೆ ಕೆತ್ತಿರೋ ಆ ಚಿತ್ರ ಯಾಕೆ ಸವರ್ತಾ ಇದೀರಿ? ನನಗೆ ಇವತ್ತಿಗೂ ಅರ್ಥ ಆಗಲ್ಲ... ಜಪಾನಿನವರಿಗೆ ಸ್ವಂತ ವೀರರು ಇರ್ಲಿಲ್ವಾ? ತಮ್ಮ ಕತ್ತಿ ಮೇಲೆ ಚೀನಾದ ವೀರ ಜಾಂಗ್ ಲಿಯಾಂಗ್‌ನ ಕೆತ್ತೋದು! ಅದೂ ಯುದ್ಧ ಮಾಡ್ತಾ ಇಲ್ಲ. ಯಾವನೋ ಮುದುಕ ಸೇತುವೆಯಿಂದ ಬೇಕಂತಲೇ ಚಪ್ಪಲಿ ಬೀಳಿಸ್ತಾನೆ, ಇವನು ಕೆಳಗಿಳಿದು ಎತ್ತಿ, ಮಂಡಿಯೂರಿ ತೊಡಿಸ್ತಾನೆ. ಇದು ಯಾವ ಸೀಮೆ ಶೌರ್ಯ ಮಾವಾ? ಇಂಥದ್ದಕ್ಕೆ ನನ್ನ ಮಾನ ಕಳೀಬೇಕಾ?

ಫೋನಲ್ಲಿ ಏನು ಫೋಟೋ? ...ಇದು ನಿಮ್ಮನೆ ಬಾಗಿಲು. ಅತ್ತೆ. ಪಕ್ಕದಲ್ಲಿ... ರಾಜ್ಯಲಕ್ಷ್ಮಿ. ಕೈಲಿ ನಿಮ್ಮೂರ ಬೆಟ್ಟದ ದುರ್ಗಮ್ಮನ ಪ್ರಸಾದ. ತಾರೀಖು... ಪೂಜೆ ದಿನದ್ದೇ. ಬೆಳಿಗ್ಗೆ ಒಂಬತ್ತೂವರೆ.

ಸಾಕು ಮಾವಾ, ಫೋನ್ ಇಳಿಸಿ! ಆ ಹೊತ್ತಲ್ಲಿ ಅವಳು ನಮ್ಮನೇಲಿ ಇರ್ಲೇ ಇಲ್ಲ, ಒಪ್ಕೊಂಡೆ.

...ದುರ್ಗಮ್ಮನ ಬೆಟ್ಟ ಹತ್ತಿ ಬರ್ತೀನಿ ಸಾರ್ ಅಂತ ರಜೆ ಕೇಳಿದ್ಲು. ನಾನೇ ಕೊಟ್ಟಿದ್ದೆ. ಇಲ್ಲಿಗೂ ಬಂದಿದ್ಲು ಅಂತ ಗೊತ್ತಿರ್ಲಿಲ್ಲ. ಮುದುಕನ ಗಡ್ಡದ ಚಿನ್ನ ಹೊಳೀತು ಮಾವಾ, ಆಸೆ ಆಯ್ತು, ಇನ್ನೂ ತಿಕ್ಕಿದೆ... ನೀರು ಕಪ್ಪಗಾಯ್ತು. ನಿಮಗೆ ಏನು ಹೇಳೋದು ಅಂತ ಭಯ ಆಯ್ತು. ತೃಪ್ತಿ ಎದುರು ಬಾಯಿ ಬಿಟ್ಟಾಳು ಅಂತ, ರಾಜ್ಯಲಕ್ಷ್ಮಿ ಬೆಟ್ಟದಿಂದ ವಾಪಸ್ ಬಂದ ದಿನವೇ ನಾಳೆಯಿಂದ ಬರಬೇಡ ಅಂದೆ.

ಅಯ್ಯೋ, ಅವಳಿಗೇ ಫೋನ್ ಹಚ್ಚಿದ್ರಾ? ರಿಂಗ್ ಆಗ್ತಿದೆ... ನನ್ನ ಕೈಗ್ಯಾಕೆ ಕೊಡ್ತೀರಿ? ಏನಂತ ಹೇಳ್ಲಿ? ಮಾವಾ...

ಹಲೋ. ರಾಜ್ಯಲಕ್ಷ್ಮಿ... ರಾಜ್ಯಲಕ್ಷ್ಮಿ ಗಾರೂ. ನಾನು, ಅಭಿ. ಇಲ್ಲ, ಇಡಬೇಡಿ... ತಿಕ್ಕಿದ್ದು ನಾನಮ್ಮಾ. ನಾನೇ.