ಪಂಚಮದ ತಂತಿ

...ಅಲ್ಲ, ಮತ್ತ ಅದೇ ಯಮನ ರಾಗ? ಸಾಕು ಮಾಡು, ಶುಭದಾ! ನಾಳೆ ಧಾರವಾಡ ರೇಡಿಯೋದಾಗ ನಿನ್ನ ದನಿ ಪರೀಕ್ಷಾ ಮಾಡೋರು ಮುಂಜಾನಿಂದ ಯಮನ ಕೇಳಿ ಕೇಳಿ ಆಕಳಿಸಿರತಾರ. ಅದರ ಮ್ಯಾಲೆ ನಿಂದೊಂದು! ಗಂಡ ಇಂಗ್ಲಿಷ್ ಸಾಲಿ ಕಲತಾವ, ಪುಣೆಯಿಂದ ಪುಸ್ತಕ ತರಿಸಿ ಸಂಗೀತಶಾಸ್ತ್ರ ಓದಿದಾವ. ಮುಂಬಯಿ ಸರಕಾರದ ಮಾಮಲೇದಾರನೂ ನನ್ನ ಇಂಗ್ಲಿಷ್ ಕೇಳಿ ಕುರ್ಚಿ ಬಿಟ್ಟು ಏಳತಾನ. ಹೆಂಡತಿ ಮಾತ್ರ ರಬಕವಿಯ ಅಪ್ಪ ಕಲಿಸಿದ ಯಮನ ಬಿಟ್ಟು ಏಳಾಕಿ ಅಲ್ಲ. ಛಲೋ ಆತು!

ಯಾಕ ನಗಲಿಕ್ಕತ್ತಿ?

ಇಲ್ಲಿ ನೋಡು, ಹಾರ್ಮೋನಿಯಂ ಪೇಟಿ ಮ್ಯಾಲೆ. ಒಂದು ಪಟ್ಟಿ ಒತ್ತು, ಒಂದು ಬಿಡು. ಸಾ, ರೇ, ಗ... ಮೂರೂ ಬಿಳಿ. ಈಗ ಕರಿ: ತೀವ್ರ ಮಧ್ಯಮ, ಕೋಮಲ ಧೈವತ, ಕೋಮಲ ನಿಷಾದ. ಮತ್ತ ಸಾ. ಆರೇ ಸ್ವರ, ಎಲ್ಲಾ ಹೆಜ್ಜಿ ಸಮ! ವಿಲಾಯತಿಯವರು ಹೋಲ್ ಟೋನ್ ಸ್ಕೇಲ್ ಅಂತಾರ. ಒಂದು ದೊಡ್ಡದಲ್ಲ, ಒಂದು ಸಣ್ಣದಲ್ಲ.

ಪಂಚಮ ಹುಡುಕಲಿಕ್ಕತ್ತಿ ಏನು? ಇದರಾಗ ಅದಕ್ಕ ಜಾಗಾನೇ ಇಲ್ಲ. ಅದಕ್ಕಂತಲೇ ನಿನ್ನ ತಂಬೂರಿಯ ಪಂಚಮದ ತಂತಿ ನಾನೇ ಸಡಲ ಮಾಡೀನಿ. ಕಣ್ಣು ಯಾಕ ಬಿಡತಿ? ಸಡಲ ಮಾಡೀನಿ, ಹರದಿಲ್ಲ.

ಈಗ ರೇದಿಂದ ಹೊಂಡು. ಗದಿಂದ ಹೊಂಡು. ಕೇಳಿದಿ? ಎಲ್ಲಿಂದ ಹೊಂಟರೂ ಅದೇ ಚಾಲ! ಯಾವುದಕ್ಕ ಸಾ ಅಂದರ ಅದೇ ಸಾ. ಮನಿ ಯಾವುದು, ಪರಮನಿ ಯಾವುದು, ಕಿವಿಗೆ ತಿಳೀಬಾರದು. ಹೂಂ... ಮಾರಿ ಸೊಟ್ಟ ಮಾಡಬ್ಯಾಡ. ಸೆರಗಿಲ್ಲದ, ಅಂಚಿಲ್ಲದ ಸೀರಿ ಕೊಟ್ಟಾಂಗ ನೋಡಲಿಕ್ಕತ್ತಿ! ಮಗ್ಗದ ಸಪ್ಪಳದಾಗ ಬೆಳದಾಕಿ, ಮತ್ತೇನ ತಿಳದೀತು?

ನಾಳೆ ಇದನ್ನ ಹಾಡು. ನಿನ್ನ ಒಳ್ಳೇದಕ್ಕ ಹೇಳಲಿಕ್ಕತ್ತೀನಿ, ನನಗೇನದ? ಆ ರೇಡಿಯೋ ಕಟ್ಟಡದ ಹೊಸ್ತಿಲಾನೂ ನಾ ತುಳದಾವಲ್ಲ. ಹೋದ ತಿಂಗಳ ಧಾರವಾಡಕ್ಕ ಹೋಗಿದ್ದು ವಾಸುದೇವನ ಮಗನ ಮುಂಜಿವಿಗೆ. ಉಂಡೆ, ಬಂದೆ.

ಅಂಜೂದೇನದ? ಒಳಗ ಒಂದು ಖೋಲಿ. ಗ್ವಾಡಿ ತುಂಬ ತೂತು, ದನಿ ಅದರಾಗ ಇಂಗಿ ಹೋಗತದ. ನೀ ಹಾಡಿದ್ದು ನಿನಗ ತಿರುಗಿ ಬರೂದಿಲ್ಲ. ಎದುರಿಗೆ ಗಾಜು, ಗಾಜಿನ ಆಚೆ ಮೂರು ಮಂದಿ. ಕೆಂಪು ದೀಪ ಹತ್ತತದ. ಮ್ಯಾಲೆ ಏರತಿ... ಹೊಳ್ಳಿ ಬರಬೇಕಂದರ ಸಾ ಎಲ್ಲಿ? ಕಾಲಾಗ ನೆಲಾನೇ ಇಲ್ಲ! ನಡುವಿನಾವ ಕನ್ನಡಕ ತಗದು, ಒರಿಸಿ, ಮೆಲ್ಲಕ ಕೈ ಎತ್ತತಾನ, ಸಾಕು ಅಂತ...

ತಂಬೂರಿ ಯಾಕ ನಿಂತತು? ನುಡಸು.

...ಯಾರೋ ಹೇಳಿದ್ರು. ಮುಂಜಿವ್ಯಾಗ, ಊಟದ ಪಂಕ್ತಿಯೊಳಗ. ಗ್ವಾಡಿಯ ತೂತು ಯಾರರೆ ಹೇಳತಾರ, ಅದಕ್ಕೇನು! ಕನ್ನಡಕ... ಕನ್ನಡಕಾನೂ ಹೇಳಿದ್ರು.

ಹಂಗ ನೋಡಬ್ಯಾಡ. ಮಾತಾಡು. ಬೈ! ಏನರೆ ಅನ್ನು!

...ಮಂದಿ ಹಾಡೂದನ್ನ ನಾ ಯಾಕ ಹಾಡ್ಲಿ? ಆರು ಸ್ವರಾನೇ ಹಾಡಿದೆ. ಇದು ಏನ್ರಿ ಅಂತ ಕೇಳಿದ್ರು. ಕನ್ನಡದಾಗ ಹೇಳಿದೆ, ಇಂಗ್ಲಿಷಿನಾಗ ಹೇಳಿದೆ. ಒಬ್ಬರೂ ನಗಲಿಲ್ಲ. ನಕ್ಕಿದ್ದರ ಬೇಷಿತ್ತು! "ನಿಮ್ಮ ಅಭ್ಯಾಸ ಭಾಳ ದೊಡ್ಡದದ, ರಾಯರ" ಅಂದು ಬಾಗಿಲ ತನಕ ಬಂದು ಕಳಿಸಿದ್ರು.

ನೀ ಯಮನ ಹಾಡತಿ, ನಿನ್ನ ತೊಗೋತಾರ. ನನಗ ಗೊತ್ತದ. ಆಮ್ಯಾಲೆ ನಮ್ಮ ಜಮಖಂಡಿ ಮಂದಿ ನನಗ ಶುಭದಾಬಾಯಿಯ ಗಂಡ ಅಂತಾರ. ನಾಳೆ ನಿನಗೂ ಒಮ್ಮೆ ಸಾಕು ಅಂದರ... ಇಬ್ಬರೂ ಸಮ. ಒಬ್ಬರು ದೊಡ್ಡವರಲ್ಲ, ಒಬ್ಬರು...

ಎಲ್ಲಿ ಕೈ ಹಚ್ಚಿದಿ? ಆ ಪಂಚಮದ ತಂತಿಯ ಖುಂಟಿ ತಿರುವಬ್ಯಾಡ. ತಿರುವಬ್ಯಾಡ ಅಂದೆ!

...

ಇಳದದ. ಪಂಚಮ ಇನ್ನೂ ಇಳದದ. ಒಂದು ಕೂದಲೆಳಿ ಏರಸು.